ವಿಭೂತಿ ಹತ್ತದ ಸ್ವಿಚ್ಚು

ಹದಿಮೂರು ಸ್ವಿಚ್ಚುಗಳಲ್ಲಿ ಹನ್ನೆರಡರ ಮೇಲೆ ವಿಭೂತಿ ಹತ್ತಿತ್ತು. ಹದಿಮೂರನೆಯದು ಬೋಳಾಗಿತ್ತು.

ಸುಮಂಗಲಾ ಕನ್ನಡಕವನ್ನು ಹಣೆಗೇರಿಸಿ ನೋಡಿದರು, ಮೂಗಿಗಿಳಿಸಿ ನೋಡಿದರು. ಮೆಟ್ಟಿಲ ತುದಿಯಲ್ಲಿ, ದೇವರ ಕೋಣೆಯ ಬಾಗಿಲಿಗೆ ಒಂದೇ ಮಾರು ದೂರದಲ್ಲಿ, ಗೋಡೆಯೊಳಗೆ ಕೂತಿದ್ದ ಆ ಕಪ್ಪು ಗಾಜಿನ ಪಟ್ಟಿ ಈಗಷ್ಟೇ ಅಂಗಡಿಯಿಂದ ಬಂದಂತೆ ಫಳಫಳ ಹೊಳೆಯುತ್ತಿತ್ತು.

"ಸಾಬಮ್ಮ, ಇದನ್ನ ಯಾರರೆ ಒರಿಸ್ಯಾರೇನು?"

"ನಂಗೇನ್ ಗೊತ್ತಾಗತೈತ್ರಿ ಅಕ್ಕಾರ," ಎಂದಳು ಸಾಬಮ್ಮ. ಅವಳು ಎರಡು ಮೆಟ್ಟಿಲು ಕೆಳಗೇ ನಿಂತಿದ್ದಳು. ಮೇಲೆ ಬಾ ಎಂದು ಮೂರು ಸಲ ಕರೆದರೂ ಬಂದಿರಲಿಲ್ಲ. ಸಾವಾದ ಮನೆ, ಅಂಜಿಕೆ ಇದ್ದೀತು ಎಂದುಕೊಂಡರು ಸುಮಂಗಲಾ.

ಸೋಮವಾರ ಇದೇ ಮೆಟ್ಟಿಲಿಂದ ಉರುಳಿ ಅಮರೇಶಪ್ಪನವರು ತೀರಿಕೊಂಡಿದ್ದರು. ಸ್ವಿಚ್ಚು ಕೂಡಿಸಿದ ಗೊಲ್ಲಾಳಪ್ಪ, ಅಂದರೆ ಈ ಸಾಬಮ್ಮನ ಗಂಡ, ನಿನ್ನೆ ಸಂಜೆಯಿಂದ ಲಾಕಪ್ಪಿನಲ್ಲಿದ್ದ. ಇವತ್ತು ಐದು ಗಂಟೆಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸುವವರಿದ್ದರು. ಈಗ ಗಂಟೆ ಮೂರೂವರೆ.

ಪೊಲೀಸರು ಕಟ್ಟಿದ ಕಥೆ ನೇರವಾಗಿತ್ತು. ಅಂದು ಮನೆಯವರೆಲ್ಲ ದಿಲ್‌ಸುಖ್‌ನಗರದಲ್ಲಿ ಬೀಗರ ಮನೆಯ ನಿಶ್ಚಿತಾರ್ಥಕ್ಕೆ ಹೋಗಿದ್ದರು. ಮುದುಕರೊಬ್ಬರೇ ಮನೆಯಲ್ಲಿ. ಮಗ ಸೂರ್ಯಕಾಂತನ ಫೋನಿನಲ್ಲಿ ಮನೆಯ ಎಲ್ಲ ದೀಪಗಳ ಲೆಕ್ಕ ಸಿಗುತ್ತದಲ್ಲ, ಅದರಲ್ಲಿ ಮೆಟ್ಟಿಲ ದೀಪದ ಮುಂದೆ 'ಸಂಜೆ 6.40ರಿಂದ ಸಂಪರ್ಕವಿಲ್ಲ' ಎಂದಿತ್ತು. ಚಳಿಗಾಲದ ದಿನ, ಆರಕ್ಕೇ ಕತ್ತಲು. ದೀಪ ಆರಿತು, ಕಾಲು ತಪ್ಪಿತು, ಮುದುಕರು ಬಿದ್ದರು. ರಾತ್ರಿ ಹತ್ತಕ್ಕೆ ಮನೆಯವರು ಬಂದು ನೋಡುವಷ್ಟರಲ್ಲಿ ಮೈ ತಣ್ಣಗಾಗಿತ್ತು.

ಇಷ್ಟೇ ಆಗಿದ್ದರೆ ಕೆಟ್ಟ ಸ್ವಿಚ್ಚು, ಕೆಟ್ಟ ಗಳಿಗೆ ಎಂದು ಬಿಡಬಹುದಿತ್ತು. ಆದರೆ ಗೊಲ್ಲಾಳಪ್ಪನ ನಾಲಿಗೆ ಅವನಿಗೇ ಶತ್ರು. ಶನಿವಾರ ಇದೇ ಗೇಟಿನ ಮುಂದೆ ಅಮರೇಶಪ್ಪನವರು, "ಮೆಟ್ಟಿಲ ದೀಪ ಕಣ್ಣ ಹೊಡದಾಂಗ ಹೊಡೀತೈತಲ್ಲೋ, ಏನ ಕೆಲಸಾ ಮಾಡೀದಿ" ಎಂದು ಬೈದಿದ್ದರು. ಅದಕ್ಕೆ ಈ ಪುಣ್ಯಾತ್ಮ, "ಹಂಗಾರ ಕತ್ತಲದಾಗ ಬಿದ್ದು ಸಾಯ್ರಿ, ನನ್ನ ಮಾತ್ರ ಕರೀಬ್ಯಾಡ್ರಿ" ಎಂದು ಟೆಸ್ಟರ್ ಎಸೆದು ಹೋಗಿದ್ದ. ಎದುರುಮನೆಯ ಅಂಬುಬಾಯಿ ಅದನ್ನು ಅಕ್ಷರ ಬಿಡದೆ ಪೊಲೀಸರಿಗೆ ಒಪ್ಪಿಸಿದ್ದರು. ಸಿಟ್ಟಿಗೆ ಬೇಕಂತಲೇ ವೈರು ಕೆಡಿಸಿ ಹೋಗಿದ್ದಾನೆ ಎಂದು ಸೂರ್ಯಕಾಂತ ದೂರು ಬರೆದುಕೊಟ್ಟ.

ಪೊಲೀಸರು ಮೆಟ್ಟಿಲ ಕಡೆಯ ಲೈನಿನ ಫ್ಯೂಸು ಇಳಿಸಿ, ವಿದ್ಯುತ್ ಇಲಾಖೆಯವರು ಬಂದು ನೋಡುವತನಕ ಯಾರೂ ಮುಟ್ಟಬೇಡಿ ಎಂದು ಹೇಳಿ ಹೋಗಿದ್ದರು. ಇಲಾಖೆಯವರು ಇನ್ನೂ ಬಂದಿರಲಿಲ್ಲ.

ಸುಮಂಗಲಾ ಪೊಲೀಸೂ ಅಲ್ಲ, ವಕೀಲರೂ ಅಲ್ಲ. ಕುಷಾಯಿಗೂಡದ ಪಕ್ಕದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು ಎದ್ದು ಬಂದವರು. ಕಣ್ಣು ಮುಚ್ಚಿ ಒಂದು ಸಹಿ ಹಾಕಿದವರಲ್ಲ. ಕಾಲನಿಯಲ್ಲಿ ಮಿಕ್ಸಿ ಕೆಟ್ಟರೂ ಅವರನ್ನೇ ಕರೆಯುತ್ತಿದ್ದರು, ಬಂಗಾರದ ಸರ ಕಳೆದರೂ ಅವರನ್ನೇ ಕರೆಯುತ್ತಿದ್ದರು. ಬೆಳಿಗ್ಗೆ ಸಾಬಮ್ಮ ಬಾಗಿಲಿಗೆ ಬಂದು ಕಾಲು ಹಿಡಿದಾಗ, ಆಗುವುದಿಲ್ಲ ಎನ್ನಲು ಬಾಯಿ ಬಂದಿರಲಿಲ್ಲ.

ಆದರೆ ಈ ಮನೆಯ ಸುಂದರಾಬಾಯಿ ಅವರಿಗೆ ಮೂವತ್ತು ವರ್ಷದ ಗೆಳತಿ. ಗಂಡನನ್ನು ಮಣ್ಣು ಮಾಡಿ ಬಂದ ಮರುದಿನವೇ ಆಕೆಯ ಮನೆಗೆ ಬಂದು, ಗೋಡೆ ಗೋಡೆ ಮೂಸುತ್ತ ತಿರುಗಲು ಸಂಕೋಚವಾಗುತ್ತಿತ್ತು.

ಅವರು ಮೆಲ್ಲಗೆ ಕೆಳಗಿಳಿದರು. ಪಡಸಾಲೆಯ ಒಳಗಿನ ಕೋಣೆಯಲ್ಲಿ, ಅಮರೇಶಪ್ಪನವರ ಫೋಟೋದ ಮುಂದೆ, ಸುಂದರಾಬಾಯಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು.

"ಸುಂದರಾ, ಒಂದ ಮಾತ ಕೇಳ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ. ಸ್ವಿಚ್ಚಿನ ಮ್ಯಾಲಿಂದು ವಿಭೂತಿ ನೀವು ಒರಿಸ್ತಿದ್ರೇನು?"

"ಒರಿಸೋದ?" ಸುಂದರಾಬಾಯಿ ತಲೆಯೆತ್ತಿದರು. "ಲಿಂಗಪೂಜಿ ಮಾಡಿದ ಕೈಯಿಂದು ಅದು. ಅದರ ಮ್ಯಾಲ ಅರಬಿ ಹಾಕಿ ಒರಿಸಿದ್ರ ನನ್ನ ಮನಿ ಉಳೀತಿತ್ತೇನ? ಸೊಸಿ ಸ್ನೇಹಲತಾ ಒಮ್ಮೆ ಒರಿಸಾಕ ಹೋಗಿದ್ಲು, ಬೈದು ಬಿಡಿಸೀನಿ."

"ಮೆಟ್ಟಿಲ ಮ್ಯಾಲಿಂದು?"

"ಅದೇ ಎಲ್ಲಾಕ್ಕಿಂತ ಹೆಚ್ಚು ಬೆಳ್ಳಗಿತ್ತು. ದೇವರ ಕೋಣಿಯಿಂದ ಹೊರಗ ಬಂದ ಕೂಡ್ಲೆ ಮೊದಲ ಅದನ್ನ ಮುಟ್ಟತಿದ್ರು." ಆಕೆ ಫೋಟೋದ ಕಡೆ ತಿರುಗಿದರು. "ಸೋಮವಾರ ಮುಂಜಾನೆನೂ ಮುಟ್ಟ್ಯಾರ, ನಾನ ನೋಡೀನಿ."

ಹೌದು, ಹಾಗೇ ಇದ್ದರು ಅಮರೇಶಪ್ಪ. ಕಾಚಿಗೂಡದಲ್ಲಿ ನಲವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವರು. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುವುದು ಕಂಡರೆ ಆರಿಸದೆ ಕೂಡಲಾರರು. ಎರಡು ಹೊತ್ತು ಪೂಜೆ, ಪೂಜೆ ಮುಗಿದು ಹಣೆಗೆ ಮೂರು ಬೆರಳು ಎಳೆದ ಮೇಲೆ ಅದೇ ಕೈಯಲ್ಲಿ ಮನೆ ತುಂಬ ಒಂದು ಸುತ್ತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಜೋರು ಬೆಳಕು ಚುಚ್ಚುತ್ತದೆ ಎಂದರೆಂದು ಮಗನೇ ಈ ಹೊಸ ಸ್ವಿಚ್ಚು ಹಾಕಿಸಿದ್ದ. ಬೆರಳು ಮೇಲಕ್ಕೆಳೆದರೆ ಬೆಳಕು ಏರುತ್ತದೆ, ಕೆಳಕ್ಕೆಳೆದರೆ ಇಳಿಯುತ್ತದೆ, ಒಮ್ಮೆ ತಟ್ಟಿದರೆ ಆರುತ್ತದೆ. ಮುದುಕರು ಹದಿನೈದು ದಿನ ಗೊಣಗುತ್ತಲೇ ಎಳೆದಿದ್ದರು. ಹನ್ನೆರಡು ಗಾಜುಗಳ ಮೇಲೆ ಆ ಬೆರಳುಗಳ ಬಿಳಿ ಗೆರೆ ಹಾಗೇ ಉಳಿದಿತ್ತು.

ಅಂದರೆ ಮೆಟ್ಟಿಲ ಮೇಲಿನದು ಗೊಲ್ಲಾಳಪ್ಪ ಕೂಡಿಸಿದ ಸ್ವಿಚ್ಚೇ ಅಲ್ಲ. ಸೋಮವಾರ ಮುಂಜಾನೆಯ ಪೂಜೆಯ ಮೇಲೆ ಯಾರೋ ಹಳೆಯದನ್ನು ಕಿತ್ತು ಹೊಸದನ್ನು ಕೂಡಿಸಿದ್ದಾರೆ.

ಸುಮಂಗಲಾ ಅಂಗಳಕ್ಕೆ ಹೋಗಿ ಠಾಣೆಗೆ ಫೋನು ಹಚ್ಚಿದರು. ತೆಲುಗಿನಲ್ಲಿ ಎರಡೇ ಮಾತು: ನೀವು ಹಿಡಿದಿರುವ ಮನುಷ್ಯನ ಸ್ವಿಚ್ಚು ಈ ಗೋಡೆಯಲ್ಲಿಲ್ಲ, ಬಂದು ಕಣ್ಣಾರೆ ನೋಡಿ. "ವಸ್ತುನ್ನಾನಮ್ಮಾ, ಅರ್ಧ ಗಂಟ," ಅರ್ಧ ಗಂಟೆಯಲ್ಲಿ ಬರುತ್ತೇನೆ, ಎಂದ ಎಸ್ಸೈ.

"ಏನಂದ್ರಿ ಅವರಿಗೆ?" ಸಾಬಮ್ಮ ಹಿಂದೆಯೇ ಬಂದಿದ್ದಳು. ಮುಖ ಬಿಳಿಚಿತ್ತು.

"ನಿನ್ನ ಗಂಡ ಬಿಡುಗಡಿ ಆಗೋ ಮಾತು. ಧೈರ್ಯಾ ತಗೋ, ಹುಚ್ಚಿ."

ಸಾಬಮ್ಮ ಧೈರ್ಯ ತೆಗೆದುಕೊಳ್ಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ನಿಂತಳು.

ಸೂರ್ಯಕಾಂತ ಪಡಸಾಲೆಯ ಸೋಫಾದಲ್ಲಿ, ಬಂದವರಿಗೆ ಹಾಕಿದ ಖಾಲಿ ಕುರ್ಚಿಗಳ ನಡುವೆ ಕೂತಿದ್ದ. ನಲವತ್ತೈದರ ಗಂಡಸು, ಎರಡು ದಿನದಲ್ಲಿ ಐವತ್ತೈದು ದಾಟಿದಂತೆ ಕಂಡ. ಈ ಹುಡುಗ ಪರೀಕ್ಷೆಯಲ್ಲಿ ಫೇಲಾದಾಗ ಸುಮಂಗಲಾ ಗಣಿತ ಹೇಳಿಕೊಟ್ಟಿದ್ದರು.

"ಸೂರ್ಯಾ, ಮೆಟ್ಟಿಲ ಮ್ಯಾಲಿನ ಸ್ವಿಚ್ಚು ಯಾರು ಬದಲಿ ಮಾಡ್ಯಾರ?"

"ಬದಲಿ?" ಅವನು ಕತ್ತೆತ್ತಿದ. "ಯಾವುದು ಬದಲಿ? ನಾ ಆ ಹೊತ್ತಿನಾಗ ಮನ್ಯಾಗ ಇರಲೇ ಇಲ್ಲಲ್ರಿ ಕಾಕು."

"ಯಾವ ಹೊತ್ತಿನಾಗ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುಮಂಗಲಾ ಹೊತ್ತಿನ ಹೆಸರನ್ನೇ ಎತ್ತಿರಲಿಲ್ಲ.

"ಆರೂ ನಲವತ್ತು," ಎಂದ ತಡವರಿಸಿ. "ಆರೂ ನಲವತ್ತಕ್ಕ ನಾ ದಿಲ್‌ಸುಖ್‌ನಗರದಾಗ ಎರಡ ನೂರ ಮಂದಿ ನಡುವ ಇದ್ದೆ. ಫೋಟೋದಾಗೂ ಇದ್ದೀನಿ. ಪೊಲೀಸರು ನೋಡ್ಯಾರ."

"ಅದನ್ನ ನಾ ಕೇಳ್ಲಿಲ್ಲ. ಗೋಡಿಗಿ ಇರೋದು ಹೊಸಾ ಸ್ವಿಚ್ಚು. ನಿಮ್ಮಪ್ಪಾರ ಕೈ ಒಮ್ಮೆನೂ ಹತ್ತಿಲ್ಲ. ಹಳೇದು ಎಲ್ಲಿ ಹೋತು? ನೀ ಬಂದು ನೋಡ್ದಾಗ ದೀಪ ಹತ್ತಿತೋ ಇಲ್ಲೋ?"

"ಹಚ್ಚಿ ನೋಡ್ಲಿಲ್ಲ. ಅಪ್ಪ ರಕ್ತದಾಗ ಬಿದ್ದಾನ, ನಾ ಸ್ವಿಚ್ಚ ಒತ್ತಿ ನೋಡ್ಲೇನ? ಫೋನ್ ತಗದೆ, ಸಂಪರ್ಕ ಇಲ್ಲ ಅಂತ ಇತ್ತು. ಕೆಟ್ಟೈತಿ ಅಂತ ತಿಳಕೊಂಡೆ." ಅವನ ದನಿ ಏರಿತು. "ಕಾಕು, ನೀವು ನಮ್ಮ ಮನಿ ಮಂದಿ ಅಂತ ಒಳಗ ಬಿಟ್ಟೀವಿ. ನಮ್ಮಪ್ಪನ್ನ ಕೊಂದವನ ಹೆಂಡ್ತೀನ ಕರಕೊಂಡ ಬಂದು ನನ್ನ ಮ್ಯಾಲೇ ಹಾಕಾಕತ್ತೀರಿ. ಏನ್ ನ್ಯಾಯಾ ಇದು?"

ಮಾತು ತಾಗಿತು. ಸುಮಂಗಲಾ ತುಟಿ ಕಚ್ಚಿಕೊಂಡು ಕೈ ಚಾಚಿದರು. "ಫೋನ್ ಕೊಡು. ನೀ ಏನೂ ಮಾಡಿಲ್ಲಂದ್ರ ಕೊಡಾಕ ಅಂಜಿಕಿ ಯಾಕ?"

ಅವನು ಫೋನನ್ನು ಟೀಪಾಯಿಯ ಮೇಲೆ ಕುಕ್ಕಿದ. "ನೋಡ್ರಿ. ಬೇಕಾದಷ್ಟು ನೋಡ್ರಿ."

ಪಟ್ಟಿ ಉದ್ದಕ್ಕಿತ್ತು. ಪಡಸಾಲೆ, ಅಡುಗೆಮನೆ, ದೇವರ ಕೋಣೆ. 'ಮೆಟ್ಟಿಲು: ಸೋಮವಾರ ಸಂಜೆ 6.40ರಿಂದ ಸಂಪರ್ಕವಿಲ್ಲ.' ಪೊಲೀಸರು ಇಲ್ಲಿಗೇ ನಿಂತು ಫೋಟೋ ಹೊಡೆದುಕೊಂಡು ಹೋಗಿದ್ದರು. ಸುಮಂಗಲಾ ನಿಲ್ಲಲಿಲ್ಲ. ಟೆಸ್ಟಿಂಗ್‌ನವರ ಚಟ ಅದು, ಕೊನೆಯ ಸಾಲಿಗೆ ಬರುವತನಕ ಬೆರಳು ಕೆಳಗೆ ಹೋಗುತ್ತಲೇ ಇರಬೇಕು.

ಪಟ್ಟಿಯ ತಳದಲ್ಲಿ ಹೆಸರಿಡದ ಹದಿನಾಲ್ಕನೆಯದೊಂದು ಕೂತಿತ್ತು. 'ಹೊಸ ಡಿಮ್ಮರ್,' ಅಂದರೆ ಇಂಥದೇ ಇನ್ನೊಂದು ಸ್ವಿಚ್ಚು. ಅದನ್ನು ಒತ್ತಿದರು.

ಸೇರಿಸಿದ್ದು: ಸೋಮವಾರ ಸಂಜೆ 7.12. ಆರಿಸಿದ್ದು: 7.52, ಗೋಡೆಯ ಸ್ವಿಚ್ಚಿನಲ್ಲಿ, ಕೈಯಿಂದ.

ಸೇರಿಸಿದವರ ಹೆಸರನ್ನು ಸುಮಂಗಲಾ ಓದಿದರು. ಓದಿದ್ದು ತಪ್ಪಿರಬೇಕೆಂದು ಮತ್ತೊಮ್ಮೆ ಓದಿದರು. ತಪ್ಪಿರಲಿಲ್ಲ.

ಗೊಲ್ಲಾಳಪ್ಪನಿಗೆ ಓದು ಬಾರದು. ಅವನದು ಬಟನ್ ಫೋನು. ಕೆಲಸ ಹಿಡಿದಲ್ಲೆಲ್ಲ ವೈರು ಎಳೆಯುವುದು, ಸ್ಕ್ರೂ ಬಿಗಿಯುವುದು ಗಂಡನ ಪಾಲು. ಏಳನೆಯ ಇಯತ್ತೆ ಓದಿದ ಹೆಂಡತಿ ಪಕ್ಕದಲ್ಲಿ ನಿಂತು ಸ್ವಿಚ್ಚುಗಳನ್ನು ಮೊದಲು ತನ್ನ ಫೋನಿಗೆ ಸೇರಿಸಿ, ಆಮೇಲೆ ಮನೆಯವರ ಫೋನಿಗೆ ಕಳಿಸುವುದು. ಬೆಳಿಗ್ಗೆ ಸಾಬಮ್ಮನೇ ಇದನ್ನೆಲ್ಲ ಹೆಮ್ಮೆಯಿಂದ ಹೇಳಿದ್ದಳು. ಹೆಸರು ಹಾಗೇ ಅಲ್ಲಿತ್ತು, ಅವಳ ಹೆಸರು.

"ಸಾಬಮ್ಮ," ಎಂದರು. ದನಿ ಅವರದೇ ಎನಿಸಲಿಲ್ಲ. "ಸೋಮವಾರ ಸಂಜಿಮುಂದ ಏಳೂ ಹನ್ನೆರಡಕ್ಕ ನೀ ಈ ಮನ್ಯಾಗ ಇದ್ದಿ."

ಸಾಬಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಮುಂಜಾನಿಂದ ನನ್ನ ಸಂಗಾಟ ತಿರಗಾಕತ್ತೀದಿ. ನಾ ಗೋಡಿ ಗೋಡಿ ನೋಡೋದು ನೋಡಿದಿ. ಒಂದ ಮಾತು ಹೇಳ್ಬಾರದಿತ್ತೇನ?" ಸುಮಂಗಲಾಗೆ ಸಿಟ್ಟೂ ಬಂತು, ಅಳುವೂ ಬಂತು. ನಂಬಿದ್ದೆನಲ್ಲ ಎಂದು ಜೀವ ಉರಿಯಿತು.

"ನೋಡಿದ್ರ್ಯಾ! ಕೊಂದವರು ಯಾರಂತ ಈಗ ಗೊತ್ತಾತಲ್ಲ?" ಎಂದು ಸೂರ್ಯಕಾಂತ ಎದ್ದೇ ಬಿಟ್ಟ.

"ಕೂಡು ನೀ," ಎಂದು ಗದರಿದರು ಸುಮಂಗಲಾ. ಅವನು ಕೂತ. "ಹೇಳವ್ವಾ. ಈಗರ ಹೇಳು."

ಸಾಬಮ್ಮನಿಗೆ ಮಾತು ಒಮ್ಮೆಲೇ ಒಡೆದು ಬಂತು.

"ಹಿರಿಯಾರ ಫೋನ್ ಮಾಡಿದ್ರಿ ಅಕ್ಕಾರ. ದೀಪಾ ಹಚ್ಚೋ ಹೊತ್ತಿನಾಗ ಮೆಟ್ಟಲಾ ಕತ್ತಲಾಗೈತಿ, ದೇವರ ಕೋಣಿ ಮುಂದ ಕತ್ತಲ ಇರಬಾರದು, ಗಂಡಗ ಹೇಳಬ್ಯಾಡ, ನೀನ ಬಂದು ಮಾಡಿಕೊಟ್ಟು ಹೋಗವ್ವಾ ಅಂದ್ರು. ಇವ ಅಂದ್ರ ಆ ಮನಿ ಹೊಸ್ತಿಲಾ ತುಳದ್ರ ಕಾಲ ಮುರೀತೀನಿ ಅಂದಿದ್ದ. ಇವ ಕೆಲಸದಿಂದ ಬರೋದ್ರಾಗ ಹೋಗಿ ಬಂದ್ರಾತು ಅಂತ ಬಂದೆ. ಮನ್ಯಾಗ ಒಂದ ಹೆಚ್ಚಿಂದು ಇತ್ತು, ಅದನ್ನ ಹಚ್ಚಿ ಕೊಟ್ಟೆ. ಹಳೇದು ನನ್ನ ಡಬ್ಬಿಯೊಳಗ ಐತ್ರಿ, ವಿಭೂತಿ ಸುದ್ದಾ ಹಂಗೇ ಐತಿ."

"ಹಿರಿಯಾರು ಆಗ..."

"ಚಲೋ ಇದ್ರಲ್ರಿ!" ಸಾಬಮ್ಮ ಎರಡೂ ಕೈ ಜೋಡಿಸಿದಳು. "ಬಾಗಲಾ ತೆರದವರೇ ಅವರು. ಪೂಜಿ ಮುಗಿಸಿದ್ರು, ಹಣಿ ತುಂಬ ವಿಭೂತಿ, ಕೈಯೆಲ್ಲಾ ಬೆಳ್ಳಗ. ಬೆಳಕು ಬಂದ ಕೂಡ್ಲೆ ನಕ್ರು. ಗಂಡಗ ಹೇಳು, ನಾ ಬೈದದ್ದು ಮನಸಿಗೆ ಹಚ್ಚಿಗೋಬ್ಯಾಡ ಅಂತ ಹೇಳು ಅಂದ್ರು. ಏಳೂ ಇಪ್ಪತ್ತಕ್ಕ ನಾ ಹೊಂಟೆ. ನನ್ನ ಮಕ್ಕಳ ಆಣಿ, ಅವರ ಬಾಗಲದಾಗ ನಿಂತು ನನ್ನ ಕಳಿಸ್ಯಾರ."

"ಮತ್ತ ಪೊಲೀಸರ ಮುಂದ ಯಾಕ ಹೇಳ್ಲಿಲ್ಲ?"

"ಲಾಕಪ್ಪಿನ ಕಡ್ಡಿ ಹಿಡಕೊಂಡು ಗಂಡಗ ಹೇಳಿದೆ. ಅವ ಅಂದ, ಬಾಯಿ ತಗದಿಯಂದ್ರ ನಿನ್ನೂ ಒಳಗ ಹಾಕ್ತಾರ. ಇಬ್ರೂ ಒಳಗ ಹೋದ್ರ ಎರಡ ಕೂಸಿನ ಗತಿ ಏನು? ನಾ ಒಬ್ಬನ ಇರ್ತೀನಿ, ನೀ ಸುಮ್ಕ ಇರು ಅಂದ." ಅವಳು ನೆಲಕ್ಕೆ ಕುಸಿದು ಕೂತಳು. "ಬ್ಯಾರೇದು ಏನರ ಸಿಗತೈತಿ, ನೀವು ಬಿಡಿಸ್ತೀರಿ ಅಂತ ಬಂದೆ. ಸುತ್ತಿ ಸುತ್ತಿ ನನ್ನ ಹೆಸರಿಗೇ ಬರತೈತಿ ಅಂತ ನಂಗೇನ ಗೊತ್ತ್ರಿ?"

ಸುಮಂಗಲಾ ಮತ್ತೆ ಫೋನಿನ ಕಡೆ ನೋಡಿದರು. 7.52, ಕೈಯಿಂದ. ಪೂಜೆ ಮುಗಿಸಿ ವಿಭೂತಿ ಹತ್ತಿದ ಕೈ ಆ ಗಾಜನ್ನು ಮುಟ್ಟಿದ್ದರೆ ಗೆರೆ ಬೀಳದೆ ಇರುತ್ತಿರಲಿಲ್ಲ. ಗಾಜು ಬೋಳಾಗಿತ್ತು. ಹಾಗಾದರೆ ಆರಿಸಿದ್ದು ಅಮರೇಶಪ್ಪನವರ ಕೈಯಲ್ಲ. ಅವರು ಮೆಟ್ಟಿಲಿಳಿಯುವಾಗ ಹಿಂದೆ, ದೇವರ ಕೋಣೆಯ ಮುಂದೆ, ಇನ್ನೊಬ್ಬರು ನಿಂತು ಸ್ವಿಚ್ಚು ತಟ್ಟಿದ್ದಾರೆ.

ಇದು ಕೆಟ್ಟ ಸ್ವಿಚ್ಚಿನ ಕಥೆಯೇ ಅಲ್ಲ.

ಗೇಟಿನ ಹತ್ತಿರ ಜೀಪು ನಿಂತಿತು. ಕರೆಸಿದವರು ತಾವೇ. ಈಗ ಹೇಳಿದರೆ ಗೊಲ್ಲಾಳಪ್ಪ ಹೊರಗೆ ಬರುತ್ತಾನೆ, ಸಾಬಮ್ಮ ಒಳಗೆ ಹೋಗುತ್ತಾಳೆ. ಮುದುಕರನ್ನು ಬದುಕಿದ್ದಾಗ ಕೊನೆಗೆ ಕಂಡವಳು ಇವಳೇ, ಅದಕ್ಕೆ ಸಾಕ್ಷಿ ಇವಳ ಬಾಯೊಂದೇ. ಹೇಳದಿದ್ದರೆ ನಿರಪರಾಧಿ ಜೈಲಿಗೆ ಹೋಗುತ್ತಾನೆ, ಸ್ವಿಚ್ಚು ತಟ್ಟಿದ ಕೈ ಆರಾಮಾಗಿ ಊಟ ಮಾಡಿಕೊಂಡಿರುತ್ತದೆ. ಅತ್ತ ದರಿ, ಇತ್ತ ಪುಲಿ. ಮೂವತ್ತೊಂದು ವರ್ಷದಲ್ಲಿ ಇಂಥ ಸಹಿ ಯಾರೂ ಕೇಳಿರಲಿಲ್ಲ.

"ಏಮೈಂದಮ್ಮಾ?" ಎನ್ನುತ್ತ ಎಸ್ಸೈ ಒಳಗೆ ಬಂದ. ಏನಾಯಿತಮ್ಮಾ, ಸ್ವಿಚ್ಚು ತೋರಿಸುತ್ತೇನೆ ಎಂದಿದ್ದಿರಲ್ಲ ಎಂದು ತೆಲುಗಿನಲ್ಲೇ ಕೇಳಿದ.

ಸುಮಂಗಲಾ ಫೋನನ್ನು ಟೀಪಾಯಿಯ ಮೇಲೆ ಮಗುಚಿಟ್ಟರು.

ಸಾಬಮ್ಮ ಎದ್ದು ನಿಂತಳು. ಕಣ್ಣೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಟ್ಟಡದ ಕೆಲಸದಲ್ಲಿ ಕಲಿತ ಒಡಕು ತೆಲುಗಿನಲ್ಲಿ ತಾನೇ ಹೇಳಿದಳು. ಸ್ವಿಚ್ಚು ಬದಲಿಸಿದ್ದು ನಾನು, ನನ್ನ ಗಂಡನಲ್ಲ. ಏಳೂ ಇಪ್ಪತ್ತಕ್ಕೆ ಹಿರಿಯರು ಬದುಕಿದ್ದರು. ನನ್ನನ್ನು ಕರೆದುಕೊಂಡು ಹೋಗಿ, ಅವನನ್ನು ಬಿಡಿ, ಮಕ್ಕಳಿಗೆ ಅವನ ಕೈಯ ಅನ್ನವಾದರೂ ಸಿಗಲಿ.

ಎಸ್ಸೈ ಟೋಪಿ ತೆಗೆದ. ಅವಳನ್ನೂ ಸುಮಂಗಲಾರನ್ನೂ ಫೋನನ್ನೂ ಒಂದೊಂದಾಗಿ ನೋಡಿದ. "ಏಳೂ ಇಪ್ಪತ್ತಾ?" ಎಂದು ಕೇಳಿದ. "ಮರಿ ಆರೂ ನಲವತ್ತು ಅಂಟಿರಿ ಕದಾ?" ಆರೂ ನಲವತ್ತು ಎಂದು ಹೇಳಿದ್ದಿರಲ್ಲ ಎಂಬ ಆ ಪ್ರಶ್ನೆ ಸೂರ್ಯಕಾಂತನಿಗಿತ್ತು.

"ಸುಳ್ಳ ಹೇಳಾಕತ್ತಾಳ ರೀ," ಎಂದ ಸೂರ್ಯಕಾಂತ. ಕೈಯಲ್ಲಿದ್ದ ಕರ್ಚೀಪನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಗಂಡನ್ನ ಬಿಡಿಸ್ಕೊಳಾಕ ಸುಳ್ಳ ಹೇಳಾಕತ್ತಾಳ."

ಒಳಗಿನ ಕೋಣೆಯ ಪರದೆ ಸರಿಯಿತು. ಎರಡು ದಿನದಿಂದ ಚಾಪೆ ಬಿಟ್ಟೇಳದ ಸುಂದರಾಬಾಯಿ ಗೋಡೆ ಹಿಡಿದುಕೊಂಡು ಬಂದು ಪಡಸಾಲೆಯ ನಡುವೆ ನಿಂತರು. ಸಾಬಮ್ಮನ ಕಡೆ ನೋಡಲಿಲ್ಲ, ಪೊಲೀಸರ ಕಡೆಯೂ ನೋಡಲಿಲ್ಲ. ಮಗನನ್ನೇ ನೋಡುತ್ತ ನಿಂತರು.

"ಏಳೂವರಿಗೆ, ಉಂಗುರಾ ತೊಡಸೋ ಹೊತ್ತಿಗೆ, ನಿನ್ನ ಹೆಸರ ಹಿಡದು ಮೂರ ಸಲ ಕರದೆ, ಸೂರ್ಯಾ. ನೀ ಇರಲಿಲ್ಲ. ಎಂಟೂವರಿ ಆದ ಮ್ಯಾಲ, ಎಲ್ಲಾರೂ ಊಟಕ್ಕ ಕುಂತಾಗ ಬಂದಿ," ಎಂದರು. "ಅಷ್ಟೊತ್ತನಾ ಎಲ್ಲಿ ಹೋಗಿದ್ದೆಪಾ?"